ಇ-ಪುಸ್ತಕದ ಫಾಂಟ್: ಆಯ್ಕೆ ಮತ್ತು ಅಳವಡಿಕೆ

ಇ-ಪುಸ್ತಕದ ಪಠ್ಯ ಯಾವ ಅಕ್ಷರರೂಪದಲ್ಲಿ ಓದುಗರ ಕಣ್ಣಿಗೆ ಬೀಳಬೇಕೆಂದು ತೀರ್ಮಾನಿಸುವುದು ಫಾಂಟ್ ಆಯ್ಕೆ. ಆ ಫಾಂಟಿನ ಕಡತವನ್ನು ಪುಸ್ತಕದ ಕಡತದೊಳಗೇ ಇಟ್ಟು ಕಳಿಸುವುದು ಫಾಂಟ್ ಅಳವಡಿಕೆ. ಇಂಗ್ಲಿಷ್ ಕಾದಂಬರಿಯ ಪ್ರಕಾಶಕರು ಇದನ್ನು ಬಹುಮಟ್ಟಿಗೆ ಅಂದಚಂದದ ವಿಷಯವೆಂದು ನೋಡಬಹುದು. ಅವರು ಫಾಂಟ್ ಸೇರಿಸದಿದ್ದರೂ ಓದುವ ಸಾಧನದಲ್ಲಿರುವ ಯಾವುದೋ ಒಂದು ಫಾಂಟ್ ಪಠ್ಯವನ್ನು ಸರಿಯಾಗಿಯೇ ತೋರಿಸುತ್ತದೆ. ಕನ್ನಡಕ್ಕೆ ಆ ಭರವಸೆಯಿಲ್ಲ. ಕನ್ನಡದ ಫಾಂಟ್ ಎಂದರೆ ಅಕ್ಷರಗಳ ಚಿತ್ರಗಳ ಕಟ್ಟು ಮಾತ್ರವೇ ಅಲ್ಲ. ಯಾವ ವ್ಯಂಜನದ ಕೆಳಗೆ ಯಾವ ಒತ್ತು ಕೂರಬೇಕು, ಗುಡಿಸು ಎಲ್ಲಿ ಏರಬೇಕು, ಅರ್ಕಾವೊತ್ತು ಎಲ್ಲಿಗೆ ಸರಿಯಬೇಕು ಎಂಬ ಬರವಣಿಗೆಯ ನಿಯಮಗಳೂ ಅದರೊಳಗೇ ಇರುತ್ತವೆ. ಆದ್ದರಿಂದ ಕನ್ನಡ ಇ-ಪುಸ್ತಕದಲ್ಲಿ ಫಾಂಟ್ ಅಳವಡಿಸುವುದು ಪುಸ್ತಕ ಓದಲು ಬರುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಸೇರಿದ ಕೆಲಸ.

ಎರಡು ಬಗೆಯ ಪುಸ್ತಕ

ಇ-ಪುಸ್ತಕ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ವಸ್ತುಗಳು ಓಡಾಡುತ್ತಿವೆ. ಪಿಡಿಎಫ್‌ನಲ್ಲಿ ಪುಟವನ್ನು ಕಟ್ಟಿ ಮುಗಿಸಿರುತ್ತಾರೆ. ಪ್ರತಿ ಅಕ್ಷರದ ಆಕಾರ, ಪ್ರತಿ ಒತ್ತಿನ ಜಾಗ ಎಲ್ಲವೂ ಕಡತ ತಯಾರಾಗುವ ಹೊತ್ತಿಗೇ ನಿಗದಿಯಾಗಿರುವುದರಿಂದ ಓದುವ ಸಾಧನಕ್ಕೆ ಕನ್ನಡ ಗೊತ್ತಿರಬೇಕಾದ ಅಗತ್ಯವೇ ಇಲ್ಲ. ಚಿತ್ರ ತೋರಿಸಿದಂತೆ ತೋರಿಸಿದರೆ ಸಾಕು. ಕನ್ನಡದ ಡಿಟಿಪಿ ಅಂಗಡಿಗಳು ಬಹಳ ಕಾಲ ಪಿಡಿಎಫ್‌ಗೇ ಅಂಟಿಕೊಂಡಿದ್ದಕ್ಕೆ ಇದೇ ಕಾರಣ. ಆದರೆ ಅಂಗೈಯಗಲದ ಫೋನಿನಲ್ಲಿ ಡೆಮಿ ಅಳತೆಯ ಪುಟವನ್ನು ಎಳೆದಾಡಿ ಓದುವ ಕಷ್ಟ, ಓದಿದವರಿಗೇ ಗೊತ್ತು.

ಇನ್ನೊಂದು ಬಗೆ ಇಪಬ್. ಇಂಟರ್‌ನ್ಯಾಷನಲ್ ಡಿಜಿಟಲ್ ಪಬ್ಲಿಷಿಂಗ್ ಫೋರಂ 2007ರಲ್ಲಿ ಇದರ 2ನೇ ಆವೃತ್ತಿಯನ್ನೂ 2011ರಲ್ಲಿ 3ನೇ ಆವೃತ್ತಿಯನ್ನೂ ಹೊರತಂದಿತು. 2017ರಲ್ಲಿ ಆ ಸಂಸ್ಥೆ ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿಯೊಳಗೆ ವಿಲೀನವಾಯಿತು. 2023ರ ಮೇ ತಿಂಗಳಲ್ಲಿ ಇಪಬ್ 3.3 ಡಬ್ಲ್ಯೂ3ಸಿಯ ಅಧಿಕೃತ ಶಿಫಾರಸಾಯಿತು. ಇಪಬ್ ಅಂದರೆ ಜಿಪ್ ಮಾಡಿದ ಒಂದು ಗಂಟು. ಬಿಚ್ಚಿ ನೋಡಿದರೆ ಅಧ್ಯಾಯಗಳ ಎಕ್ಸ್‌ಎಚ್‌ಟಿಎಂಎಲ್ ಕಡತಗಳು, ಅವುಗಳ ರೂಪ ಹೇಳುವ ಸಿಎಸ್‌ಎಸ್, ಚಿತ್ರಗಳು, ಎಲ್ಲದರ ಪಟ್ಟಿ ಇರುವ ಒಪಿಎಫ್ ಕಡತ ಮತ್ತು ಅಳವಡಿಸಿದ್ದರೆ ಫಾಂಟುಗಳು ಸಿಗುತ್ತವೆ. ಇಲ್ಲಿ ಪುಟವೆಂಬುದು ಮೊದಲೇ ಇರುವುದಿಲ್ಲ. ಓದುಗರು ಪುಸ್ತಕ ತೆರೆದ ಕ್ಷಣದಲ್ಲಿ, ಅವರ ತೆರೆಯ ಅಗಲಕ್ಕೆ, ಅವರು ಆರಿಸಿಕೊಂಡ ಅಕ್ಷರದ ಗಾತ್ರಕ್ಕೆ ತಕ್ಕಂತೆ ಸಾಲುಗಳು ಹುಟ್ಟುತ್ತವೆ. ಅಕ್ಷರ ಜೋಡಿಸುವ ಕೆಲಸ ಪ್ರೆಸ್ಸಿನಿಂದ ಓದುಗರ ಕೈಯಲ್ಲಿರುವ ಸಾಧನಕ್ಕೆ ವರ್ಗವಾಗಿದೆ. ಕನ್ನಡದ ಮಟ್ಟಿಗೆ ಮುಂದಿನ ತೊಡಕುಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

‘ಸ್ತ್ರೀ’ ಎಂಬ ಒಂದು ಅಕ್ಷರ

ಈ ವರ್ಗಾವಣೆಯ ಭಾರ ಎಷ್ಟೆಂದು ತಿಳಿಯಲು ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ಹತ್ತಿರದಿಂದ ನೋಡಬಹುದು. ಯೂನಿಕೋಡ್ ಪಠ್ಯದಲ್ಲಿ ಇದು ಆರು ಸಂಕೇತಗಳ ಸಾಲು: ಸ, ಹಲಂತ, ತ, ಹಲಂತ, ರ, ಈಕಾರದ ಚಿಹ್ನೆ. ನಾವು ಉಚ್ಚರಿಸುವ ಕ್ರಮವೂ ಅದೇ. ತೆರೆಯ ಮೇಲೆ ಮೂಡುವ ಕ್ರಮ ಬೇರೆ. ಎರಡೂ ಹಲಂತಗಳು ಮಾಯವಾಗಬೇಕು. ತ ಮತ್ತು ರ ಒತ್ತಿನ ರೂಪ ತಳೆದು ಸಕಾರದ ಕೆಳಗೆ ಹೋಗಬೇಕು. ಕಟ್ಟಕಡೆಗೆ ಬಂದ ಈಕಾರ ಎರಡು ತುಂಡಾಗಿ, ಒಂದು ತುಂಡು ಒತ್ತುಗಳನ್ನೆಲ್ಲ ದಾಟಿ ಸಕಾರದ ತಲೆಕಟ್ಟಿನ ಜಾಗಕ್ಕೆ ಗುಡಿಸಾಗಿ ಏರಬೇಕು, ಇನ್ನೊಂದು ತುಂಡು ದೀರ್ಘವಾಗಿ ಬಲಗಡೆ ನಿಲ್ಲಬೇಕು.

ಇಷ್ಟನ್ನು ಮಾಡುವುದು ಇಬ್ಬರು. ಓದುವ ಆ್ಯಪ್‌ನಲ್ಲಿರುವ ಲಿಪಿ ಜೋಡಣೆಯ ಎಂಜಿನ್ ಅಕ್ಷರವನ್ನು ಬಿಡಿಸಿ, ಯಾವುದು ಮೂಲ ವ್ಯಂಜನ, ಯಾವುದು ಒತ್ತು ಎಂದು ಗುರುತಿಸುತ್ತದೆ. ಫಾಂಟಿನೊಳಗಿನ ಓಪನ್‌ಟೈಪ್ ಕೋಷ್ಟಕಗಳು ಆಯಾ ಜಾಗಕ್ಕೆ ಯಾವ ಆಕಾರ ಎಂದು ಹೇಳುತ್ತವೆ. ಮುಕ್ತ ತಂತ್ರಾಂಶವಾದ ಹಾರ್ಫ್‌ಬಜ್ ಇಂಥ ಒಂದು ಎಂಜಿನ್. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಕನ್ನಡ ಸರಿಯಾಗಿ ಕಾಣುವುದು ಇದರಿಂದ. ಆ್ಯಪಲ್ ಸಾಧನಗಳಲ್ಲಿ ಕೋರ್‌ಟೆಕ್ಸ್ಟ್ ಇದೇ ಕೆಲಸ ಮಾಡುತ್ತದೆ. ಎಂಜಿನ್ ಇಲ್ಲದ ಹಳೆಯ ಇ-ರೀಡರಿನಲ್ಲಿ ಎಷ್ಟೇ ಒಳ್ಳೆಯ ಫಾಂಟ್ ತುಂಬಿದರೂ ‘ಸ’ದ ಪಕ್ಕ ಹಲಂತ, ಅದರ ಪಕ್ಕ ‘ತ’ ಎಂದು ಎಲ್ಲವೂ ಬಿಡಿಬಿಡಿಯಾಗಿ ನಿಂತಿರುತ್ತವೆ. ಎಂಜಿನ್ ಇದ್ದು ಫಾಂಟ್ ಇಲ್ಲದಿದ್ದರೆ ಸಾಲುದ್ದಕ್ಕೂ ಖಾಲಿ ಪೆಟ್ಟಿಗೆಗಳು. ಫಾಂಟ್ ಅಳವಡಿಕೆ ಈ ಎರಡನೆಯ ರೋಗಕ್ಕೆ ಮಾತ್ರ ಮದ್ದು. ಮೊದಲನೆಯದಕ್ಕೆ ಸಾಧನವನ್ನೇ ಬದಲಿಸಬೇಕು.

ಅರ್ಕಾವೊತ್ತಿನ ಸೂಕ್ಷ್ಮವೂ ಇಲ್ಲೇ ಬರುತ್ತದೆ. ‘ಸೂರ್ಯ’ದಲ್ಲಿ ರಕಾರ ಮೊದಲು ಉಚ್ಚಾರವಾದರೂ ಯಕಾರದ ನಂತರ ಅರ್ಕಾವೊತ್ತಾಗಿ ಕಾಣುತ್ತದೆ. ‘ರ‍್ಯಾಂಕ್’ ಎಂದು ಬರೆಯಬೇಕಾದಾಗ ರಕಾರ ತನ್ನ ಪೂರ್ಣರೂಪದಲ್ಲೇ ಉಳಿದು ಯಕಾರ ಒತ್ತಾಗಬೇಕು. ಅದಕ್ಕಾಗಿ ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು, ಶೂನ್ಯ ಅಗಲದ ಕೂಡಿಕೆಯನ್ನು ಇಡುತ್ತಾರೆ. ‘ಸಾಫ್ಟ್‌ವೇರ್’ನಲ್ಲಿ ‘ವೇ’ ಒತ್ತಾಗಿ ಕೆಳಗೆ ಇಳಿಯದಂತೆ ತಡೆಯುವುದು ಅಂಥದೇ ಇನ್ನೊಂದು ಸಂಕೇತ, ಶೂನ್ಯ ಅಗಲದ ಬಿಡಿಕೆ. ಪುಸ್ತಕ ತಯಾರಿಸುವವರು ‘ಅನವಶ್ಯಕ ಗುರುತು’ಗಳನ್ನು ಗುಡಿಸಿ ಹಾಕುವ ಭರದಲ್ಲಿ ಈ ಎರಡನ್ನೂ ಅಳಿಸಿಬಿಟ್ಟರೆ ಇಡೀ ಪುಸ್ತಕದ ಇಂಗ್ಲಿಷ್ ಮೂಲದ ಪದಗಳು ಕೆಡುತ್ತವೆ. ಎಷ್ಟೋ ಸಲ ದೂರು ಫಾಂಟಿನ ಮೇಲೆ ಬರುತ್ತದೆ, ತಪ್ಪು ಪಠ್ಯದಲ್ಲಿರುತ್ತದೆ.

ಹಳೆಯ ಫಾಂಟುಗಳ ಬಲೆ

ಕನ್ನಡ 1991ರಲ್ಲೇ, ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಜಾಗ ಪಡೆದಿತ್ತು. ಆದರೂ ಕನ್ನಡದ ಮುದ್ರಣ ಲೋಕ ಅದನ್ನು ಒಪ್ಪಿಕೊಳ್ಳಲು ಎರಡು ದಶಕ ಹಿಡಿಯಿತು. ಅಲ್ಲಿಯವರೆಗೆ ಕೆಲಸ ನಡೆಸಿದವು ಶ್ರೀಲಿಪಿ, ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮೊದಲಾದ ತಂತ್ರಾಂಶಗಳು. ಅವುಗಳ ಋಣ ದೊಡ್ಡದು. ಕಂಪ್ಯೂಟರಿನಲ್ಲಿ ಕನ್ನಡ ಪುಸ್ತಕ ಹುಟ್ಟಿದ್ದೇ ಅವುಗಳಿಂದ. ಆ ಕಾಲದ ಫಾಂಟುಗಳು ಮಾತ್ರ ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಡಿಟಿಪಿ ಮಂದಿ ಇವನ್ನು ‘ಆಸ್ಕಿ ಫಾಂಟ್’ ಎಂದೇ ಕರೆಯುತ್ತಾರೆ.

ನುಡಿಯ ಆಸ್ಕಿ ಫಾಂಟಿನಲ್ಲಿ ಬರೆದ ‘ಕನ್ನಡ’ ಎಂಬ ಪದದಿಂದ ಫಾಂಟನ್ನು ಕಳಚಿದರೆ ಉಳಿಯುವುದು ಇಷ್ಟು: ರೋಮನ್ ‘ಪಿ’, ತಲೆಯ ಮೇಲೆ ಗೀಟು ಹೊತ್ತ ‘ಎ’, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಗೀಟಿನ ‘ಎ’, ಜರ್ಮನ್ನರ ಜೋಡಿ ‘ಎಸ್’, ಸಣ್ಣ ‘ಕ್ಯೂ’, ಮತ್ತೊಂದು ಗೀಟಿನ ‘ಎ’. ‘ಪಿ’ಯ ಜಾಗದಲ್ಲಿ ತಲೆಕಟ್ಟಿಲ್ಲದ ಕಕಾರ, ಗೀಟಿನ ‘ಎ’ ಜಾಗದಲ್ಲಿ ತಲೆಕಟ್ಟು, ಜರ್ಮನ್ ‘ಎಸ್’ ಜಾಗದಲ್ಲಿ ನಕಾರದ ಒತ್ತು. ಮೊಳೆ ಜೋಡಿಸಿದ ಹಾಗೆ ತುಂಡು ತುಂಡಾಗಿ ಜೋಡಿಸಿದ್ದು. ಇದಕ್ಕೆ ಯಾವ ಎಂಜಿನ್ನೂ ಬೇಡ. ಹಾಗಾಗಿಯೇ ಇಂಥ ಫಾಂಟನ್ನು ಇಪಬ್ ಒಳಗೆ ಅಳವಡಿಸಿಬಿಟ್ಟರೆ ಯಾವ ಸಾಧನದಲ್ಲೂ ಕನ್ನಡ ಮೂಡುತ್ತದೆ ಎಂಬ ಆಸೆ ಹುಟ್ಟುತ್ತದೆ.

ಈ ದಾರಿಯನ್ನು ಯಾರೂ ಹಿಡಿಯಬಾರದು. ಓದುಗರು ಆ್ಯಪ್‌ನಲ್ಲಿ ಫಾಂಟ್ ಬದಲಿಸಿದ ಮರುಕ್ಷಣ ಇಡೀ ಪುಸ್ತಕ ಪೌಂಡು, ಕ್ಯೂಗಳ ರಾಶಿಯಾಗುತ್ತದೆ. ‘ಕನ್ನಡ’ ಎಂದು ಹುಡುಕಿದರೆ ಸಿಗುವುದಿಲ್ಲ. ಪದವನ್ನು ಒತ್ತಿ ಹಿಡಿದರೆ ನಿಘಂಟು ತೆರೆಯುವುದಿಲ್ಲ. ದೃಷ್ಟಿಯಿಲ್ಲದ ಓದುಗರಿಗೆ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ‘ಪಿ, ಪೌಂಡ್, ಕ್ಯೂ’ ಎಂದು ಹೇಳುತ್ತ ಹೋಗುತ್ತದೆ. ನೂರಾರು ಹಳೆಯ ಪುಸ್ತಕಗಳ ಪೇಜ್‌ಮೇಕರ್ ಕಡತಗಳು ಇಂದಿಗೂ ಈ ಆಸ್ಕಿ ರೂಪದಲ್ಲೇ ಪ್ರಕಾಶಕರ ಬಳಿ ಇವೆ. ಅವನ್ನು ಇ-ಪುಸ್ತಕ ಮಾಡುವ ಮುನ್ನ ಯೂನಿಕೋಡಿಗೆ ಪರಿವರ್ತಿಸಿ, ಮತ್ತೊಮ್ಮೆ ಕರಡು ತಿದ್ದಲೇಬೇಕು. ಪರಿವರ್ತಕಗಳು ಎಡವುವ ಕಡೆಗಳು ಅನುಭವಸ್ಥರಿಗೆ ಬಾಯಿಪಾಠ: ದೀರ್ಘದ ಚಿಹ್ನೆ ಒಂಟಿಯಾಗಿ ಉಳಿದು ಅದರ ಪಕ್ಕ ಚುಕ್ಕಿಗಳ ವೃತ್ತವೊಂದು ಮೂಡುವುದು, ಅರ್ಕಾವೊತ್ತು ಹಿಂದುಮುಂದಾಗುವುದು, ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಬಂದು ಕೂರುವುದು. ಕೊನೆಯದು ಎಲ್ಲಕ್ಕಿಂತ ಮೋಸಗಾರ. ‘ಂ’ ಮತ್ತು ‘೦’ ಹಲವು ಫಾಂಟುಗಳಲ್ಲಿ ಒಂದೇ ಥರ ಕಾಣುತ್ತವೆ. ಕಣ್ಣಿಗೆ ಬೀಳದ ಈ ತಪ್ಪು ಹುಡುಕಾಟದಲ್ಲಿ ಮಾತ್ರ ಸಿಕ್ಕಿಬೀಳುತ್ತದೆ.

ಫಾಂಟ್ ಆರಿಸುವುದು

ಪಠ್ಯಕ್ಕೆ ಫಾಂಟ್ ಆರಿಸುವಾಗ ಶೀರ್ಷಿಕೆಯ ಚೆಲುವನ್ನು ನೋಡಿ ಮರುಳಾಗಬಾರದು. ಪುಸ್ತಕದ ನಡುವಿನ ಒಂದು ಪುಟವನ್ನು, ಸಣ್ಣ ಗಾತ್ರದಲ್ಲಿ, ರಾತ್ರಿಯ ಮಂದ ಬೆಳಕಿನಲ್ಲಿ ಓದಿ ನೋಡಬೇಕು. ಮಹಾಪ್ರಾಣಗಳು ಮೊದಲ ಪರೀಕ್ಷೆ. ‘ಪ’ ಮತ್ತು ‘ಫ’, ‘ಡ’ ಮತ್ತು ‘ಢ’, ‘ದ’ ಮತ್ತು ‘ಧ’, ಇವುಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ಗೀಟು. ಶಾಲೆಯಲ್ಲಿ ನಾವೆಲ್ಲ ಕಲಿತ ಹೊಟ್ಟೆಸೀಳು. ‘ಥ’ದ ಒಡಲಲ್ಲಿರುವುದು ಒಂದು ಚುಕ್ಕಿ. ಆ ಗೀಟು, ಆ ಚುಕ್ಕಿ ಸಣ್ಣ ಗಾತ್ರದಲ್ಲಿ ಮುಚ್ಚಿಹೋದರೆ ‘ಧನ’ ‘ದನ’ವಾಗುತ್ತದೆ. ದಪ್ಪಕ್ಷರದಲ್ಲಿ ಈ ಅಪಾಯ ಇನ್ನೂ ಹೆಚ್ಚು.

ತೆರೆಯ ಗುಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2007ರ ಮೊದಲ ಕಿಂಡಲ್‌ನ ತೆರೆಯಲ್ಲಿ ಅಂಗುಲಕ್ಕೆ 167 ಚುಕ್ಕಿಗಳಿದ್ದವು. 2015ರ ಪೇಪರ್‌ವೈಟ್‌ನಲ್ಲಿ ಅದು 300ಕ್ಕೆ ಏರಿತು. ಇಂದಿನ ಫೋನುಗಳ ತೆರೆ ಇನ್ನೂ ನುಣುಪು. ಆದರೂ ಎಳೆ ತೀರ ತೆಳುವಾಗಿರುವ ಫಾಂಟುಗಳು ಇ-ಇಂಕ್ ತೆರೆಯಲ್ಲಿ ಬೂದುಬೂದಾಗಿ ಕಾಣುತ್ತವೆ. ಕನ್ನಡದ ಅಕ್ಷರಗಳು ದುಂಡಗೆ, ಒಳಗೊಳಗೇ ಸುರುಳಿ ಸುತ್ತುವಂಥವು. ದಪ್ಪ ಮತ್ತು ತೆಳು ಎಳೆಗಳ ಅಂತರ ಮಿತವಾಗಿದ್ದು, ಒಳಗಿನ ಬಯಲು ತೆರೆದುಕೊಂಡಿರುವ ವಿನ್ಯಾಸ ದೀರ್ಘ ಓದಿಗೆ ಒಗ್ಗುತ್ತದೆ.

ಈಗ ಆಯ್ಕೆಗೆ ಬಡತನವಿಲ್ಲ. ಗೂಗಲ್‌ನ ನೋಟೋ ಯೋಜನೆಯಲ್ಲಿ ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ ಎರಡೂ ಇವೆ. ಹಲವು ತೂಕಗಳಲ್ಲಿ, ಅಂದರೆ ಎಳೆಯ ಹಲವು ದಪ್ಪಗಳಲ್ಲಿ ದೊರೆಯುತ್ತವೆ, ಹಳಗನ್ನಡದ ಅಕ್ಷರಗಳನ್ನೂ ಬಿಟ್ಟಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯ ಪ್ರೆಸ್ಸಿನ ಮೂರ್ತಿ ಕ್ಲಾಸಿಕಲ್ ಲೈಬ್ರರಿ ಮಾಲೆಗಾಗಿ ರೂಪಿಸಿ, ನಂತರ ಎಲ್ಲರಿಗೂ ಬಿಟ್ಟುಕೊಟ್ಟ ಟೈರೋ ಕನ್ನಡ ಅಚ್ಚಿನ ಪುಸ್ತಕದ ಗಾಂಭೀರ್ಯ ಬಯಸುವವರಿಗೆ ಇಷ್ಟವಾಗುತ್ತದೆ. ಏಕ್ ಟೈಪ್ ಸಂಸ್ಥೆಯ ಅನೇಕ್ ಕನ್ನಡ ಅಗಲವನ್ನೂ ತೂಕವನ್ನೂ ಬೇಕಾದಂತೆ ಹಿಗ್ಗಿಸಿ ಕುಗ್ಗಿಸಬಲ್ಲ ವೇರಿಯಬಲ್ ಫಾಂಟ್. ಅದೇ ಸಂಸ್ಥೆಯ ‘ಬಲೂ ತಮ್ಮ’ ಎಂಬ ಫಾಂಟ್ ಮಕ್ಕಳ ಪುಸ್ತಕದ ಶೀರ್ಷಿಕೆಗೆ ಚೆನ್ನಾಗಿ ಹೊಂದುತ್ತದೆ, ಕಾದಂಬರಿಯ ಒಡಲಿಗೆ ಹೊಂದುವುದಿಲ್ಲ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಅವರ ಅಕಾಯ ಕನಡಕ ಕೈಬರಹದ ಲಯವುಳ್ಳದ್ದು. ಕವಿತೆಯ ಹೆಸರುಗಳಿಗೆ ಬಳಸಿದರೆ ಸೊಗಸು. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳೂ ಇವೆ.

ಸಾಧನಗಳಲ್ಲಿ ಮೊದಲೇ ಇರುವ ಫಾಂಟುಗಳನ್ನು ನೆಚ್ಚುವುದು ಇನ್ನೊಂದು ದಾರಿ. ವಿಂಡೋಸ್ ಎಕ್ಸ್‌ಪಿ ಕಾಲದ ತುಂಗಾ, ಈಗಿನ ವಿಂಡೋಸ್‌ನ ನಿರ್ಮಲಾ ಯುಐ, ಆ್ಯಪಲ್‌ನಲ್ಲಿ ಮಲೇಷ್ಯಾದ ಮುತ್ತು ನೆಡುಮಾರನ್ ಅವರ ಕನ್ನಡ ಸಂಗಮ್ ಎಂಎನ್, ಹೀಗೆ ಒಂದೊಂದು ಕಡೆ ಒಂದೊಂದು. ಪುಸ್ತಕ ಒಂದೇ ಆದರೂ ಮೂರು ಮನೆಯಲ್ಲಿ ಮೂರು ಮುಖ. ಸಾಧಾರಣ ಲೇಖನ ಸಂಗ್ರಹಕ್ಕೆ ಇದು ನಡೆದೀತು. ಹಳಗನ್ನಡ ಕಾವ್ಯ, ಶಾಸನ, ವ್ಯಾಕರಣ, ನಿಘಂಟುಗಳಿಗೆ ನಡೆಯುವುದಿಲ್ಲ. ‘ಱ’ ಮತ್ತು ‘ೞ’ ಎರಡೂ ಇರುವ ಫಾಂಟ್ ಪಂಪಭಾರತದ ಆವೃತ್ತಿಗೆ ಕಡ್ಡಾಯ. ಅವಗ್ರಹ, ದಂಡ, ಕನ್ನಡ ಅಂಕಿಗಳು, ರೂಪಾಯಿ ಗುರುತು ಇವೆಯೇ ಎಂದೂ ನೋಡಿಕೊಳ್ಳಬೇಕು. ದಂಡವೆರಡೂ ಯೂನಿಕೋಡಿನಲ್ಲಿ ದೇವನಾಗರಿಯ ವಿಭಾಗದಲ್ಲಿವೆ. ಕನ್ನಡ ಫಾಂಟ್ ಮಾಡುವವರು ಅವನ್ನು ಮರೆತರೆ ಕೀರ್ತನೆಯ ಪ್ರತಿ ಚರಣದ ಕೊನೆಯಲ್ಲೂ ಪರಕೀಯ ಫಾಂಟಿನ ಗೀಟು ಬಂದು ನಿಲ್ಲುತ್ತದೆ.

ಇಂಗ್ಲಿಷ್ ಪದ, ಅಂಕಿ, ಉದ್ಧರಣ ಚಿಹ್ನೆಗಳ ಹೊಂದಾಣಿಕೆಯೂ ಸಣ್ಣ ವಿಷಯವಲ್ಲ. ಕೆಲವು ಕನ್ನಡ ಫಾಂಟುಗಳಲ್ಲಿ ರೋಮನ್ ಅಕ್ಷರಗಳೇ ಇರುವುದಿಲ್ಲ. ಆಗ ಇಸವಿಗಳೂ ಅಲ್ಪವಿರಾಮಗಳೂ ಸಾಧನದ ಬೇರೆ ಫಾಂಟಿನಿಂದ ಬರುತ್ತವೆ, ಗಾತ್ರ ಏರುಪೇರಾಗಿ ಸಾಲು ಕುಂಟುತ್ತದೆ.

ಅಳವಡಿಸುವ ಬಗೆ

ಇಪಬ್‌ನಲ್ಲಿ ಅಳವಡಿಕೆಗೆ ಮೂರು ಹೆಜ್ಜೆ. ಫಾಂಟಿನ ಕಡತವನ್ನು ಗಂಟಿನೊಳಗೆ, ಸಾಮಾನ್ಯವಾಗಿ ಫಾಂಟ್ಸ್ ಎಂಬ ಫೋಲ್ಡರಿನಲ್ಲಿ ಇಡುವುದು. ಒಪಿಎಫ್ ಪಟ್ಟಿಯಲ್ಲಿ ಅದರ ಹೆಸರನ್ನೂ ಮಾದರಿಯನ್ನೂ ನಮೂದಿಸುವುದು. ಸಿಎಸ್‌ಎಸ್‌ನಲ್ಲಿ ಫಾಂಟ್-ಫೇಸ್ ನಿಯಮ ಬರೆದು, ಆ ಹೆಸರನ್ನು ಪಠ್ಯಕ್ಕೆ ಹಚ್ಚುವುದು. ಸಾದಾ ಮತ್ತು ದಪ್ಪ ತೂಕಗಳಿಗೆ ಬೇರೆಬೇರೆ ನಿಯಮ ಬೇಕು. ದಪ್ಪದ ಕಡತ ಕೊಡದಿದ್ದರೆ ಆ್ಯಪ್ ಸಾದಾ ಅಕ್ಷರವನ್ನೇ ಊದಿಸಿ ತೋರಿಸುತ್ತದೆ, ಹೊಟ್ಟೆಸೀಳುಗಳು ಮುಚ್ಚಿಕೊಳ್ಳುತ್ತವೆ. ಸಿಜಿಲ್ ಮತ್ತು ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶಗಳಲ್ಲಿ ಈ ಕೆಲಸ ಕೈಯಿಂದ ಮಾಡಬಹುದು. ಇನ್‌ಡಿಸೈನ್ ತಾನೇ ಮಾಡಿಕೊಡುತ್ತದೆ. ಕೊನೆಗೆ ಇಪಬ್‌ಚೆಕ್ ಎಂಬ ಪರೀಕ್ಷಕ ತಂತ್ರಾಂಶದಲ್ಲಿ ಹಾಯಿಸಿ ನೋಡುವುದು ರೂಢಿ.

ಕಡತದ ಮಾದರಿಯಾಗಿ ಟ್ರೂಟೈಪ್ ಅಥವಾ ಓಪನ್‌ಟೈಪ್ ಸುರಕ್ಷಿತ. ವೆಬ್‌ಗಾಗಿ ಬಂದ ವೋಫ್2 ಕಡತಗಳು ಕಿರಿದಾದರೂ ಹಳೆಯ ಆ್ಯಪ್‌ಗಳು ಅವನ್ನು ಓದಲಾರವು. ಇಪಬ್ ಹೇಗೂ ಜಿಪ್ ಆಗುವುದರಿಂದ ಟ್ರೂಟೈಪ್ ಕಡತವೂ ಸ್ವಲ್ಪ ಕುಗ್ಗಿಯೇ ಹೋಗುತ್ತದೆ. 2016ರಲ್ಲಿ ಓಪನ್‌ಟೈಪ್‌ಗೆ ಸೇರಿದ ವೇರಿಯಬಲ್ ಫಾಂಟುಗಳ ವಿಷಯದಲ್ಲೂ ಅಷ್ಟೇ. ಬೇಕಾದ ತೂಕಗಳ ಸ್ಥಿರ ಕಡತಗಳನ್ನು ತೆಗೆದು ಅಳವಡಿಸುವುದು ಲೇಸು.

ಕಡತವನ್ನು ಕಿರಿದು ಮಾಡಲು ಪುಸ್ತಕದಲ್ಲಿ ಬಳಸದ ಅಕ್ಷರಗಳನ್ನು ಫಾಂಟಿನಿಂದ ಕತ್ತರಿಸಿ ಹಾಕುವ ಪದ್ಧತಿಯಿದೆ. ಚೀನೀ, ಜಪಾನಿ ಫಾಂಟುಗಳು ಹಲವು ಮೆಗಾಬೈಟ್ ತೂಗುವುದರಿಂದ ಅವಕ್ಕೆ ಇದು ಅನಿವಾರ್ಯ. ಕನ್ನಡಕ್ಕೆ ಇದರಿಂದ ಲಾಭ ಕಡಿಮೆ, ಅಪಾಯ ಹೆಚ್ಚು. ಕನ್ನಡ ಫಾಂಟಿನ ಒತ್ತಕ್ಷರಗಳಿಗೆ ಸ್ವಂತ ಯೂನಿಕೋಡ್ ಸಂಖ್ಯೆ ಇರುವುದಿಲ್ಲ. ಓಪನ್‌ಟೈಪ್ ನಿಯಮಗಳ ಮೂಲಕವೇ ಅವನ್ನು ಮುಟ್ಟಬೇಕು. ಆ ನಿಯಮಗಳನ್ನು ಹಿಂಬಾಲಿಸದೆ ಬರೀ ಸಂಖ್ಯೆ ನೋಡಿ ಕತ್ತರಿಸುವ ಸಲಕರಣೆ ಒತ್ತುಗಳನ್ನೆಲ್ಲ ‘ಬಳಕೆಯಲ್ಲಿಲ್ಲ’ ಎಂದು ಎಸೆದುಬಿಡುತ್ತದೆ. ಶೂನ್ಯ ಅಗಲದ ಕೂಡಿಕೆ, ಬಿಡಿಕೆಗಳೂ ಹೀಗೆಯೇ ಕಳೆದುಹೋಗಬಹುದು.

ಕಿಂಡಲ್‌ನ ಹಳೆಯ ಮೊಬಿ ಮಾದರಿಯಲ್ಲಿ ಫಾಂಟ್ ಅಳವಡಿಕೆ ಸಾಧ್ಯವೇ ಇರಲಿಲ್ಲ. 2011ರಲ್ಲಿ ಪ್ರಕಟವಾದ ಕೆಎಫ್8 ಅದನ್ನು ತಂದಿತು. ಕಿಂಡಲ್ ಅಂಗಡಿ 2016ರ ಡಿಸೆಂಬರಿನಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ಬಾಗಿಲು ತೆರೆದಾಗ ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಕನ್ನಡದ ಇ-ಪುಸ್ತಕ ಬೆಳೆದದ್ದು ಗೂಗಲ್ ಪ್ಲೇ ಬುಕ್ಸ್, ಮೈಲ್ಯಾಂಗ್, ವಿವಿಡ್‌ಲಿಪಿಯಂಥ ನೆಲೆಗಳಲ್ಲಿ, ಹೆಚ್ಚಾಗಿ ಫೋನಿನ ತೆರೆಯ ಮೇಲೆ.

ಪರವಾನಗಿ ಮತ್ತು ಮರೆಮಾಚಿಕೆ

ಫಾಂಟ್ ಕೊಂಡವರಿಗೆ ಅದನ್ನು ಇ-ಪುಸ್ತಕದಲ್ಲಿ ಹಂಚುವ ಹಕ್ಕು ತಾನಾಗಿ ಬರುವುದಿಲ್ಲ. ಅಚ್ಚಿನ ಪುಸ್ತಕದಲ್ಲಿ ಓದುಗರಿಗೆ ತಲುಪುವುದು ಶಾಯಿ. ಇ-ಪುಸ್ತಕದಲ್ಲಿ ಫಾಂಟಿನ ಕಡತವೇ ತಲುಪುತ್ತದೆ. ಅದಕ್ಕೇ ಹಲವು ಫಾಂಟ್ ಸಂಸ್ಥೆಗಳು ಇ-ಪುಸ್ತಕಕ್ಕೆ ಬೇರೆ ಪರವಾನಗಿ ಕೇಳುತ್ತವೆ. ಫಾಂಟಿನ ಒಳಗೂ ಈ ಬಗ್ಗೆ ಒಂದು ಗುರುತು ಇರುತ್ತದೆ. ಅದರ ಬೆಲೆ 0 ಇದ್ದರೆ ಅಳವಡಿಕೆಗೆ ಅಡ್ಡಿಯಿಲ್ಲ, 2 ಇದ್ದರೆ ನಿಷೇಧ, 4 ಇದ್ದರೆ ನೋಡಲು ಮತ್ತು ಮುದ್ರಿಸಲು ಮಾತ್ರ, 8 ಇದ್ದರೆ ತಿದ್ದಬಹುದಾದ ದಾಖಲೆಗಳಿಗೂ ಸರಿ. ಇದು ಬರೀ ಸೂಚನೆ. ಕಾನೂನಿನ ಮಾತು ಪರವಾನಗಿ ಪತ್ರದಲ್ಲಿದೆ, ಅದನ್ನು ಕೂತು ಓದಬೇಕು.

ಮೇಲೆ ಹೆಸರಿಸಿದ ನೋಟೋ, ಟೈರೋ, ಅನೇಕ್, ಬಲೂ, ಅಕಾಯ ಎಲ್ಲವೂ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿ ದೊರೆಯುತ್ತವೆ. ಈ ಪರವಾನಗಿ ಫಾಂಟನ್ನು ಒಂಟಿಯಾಗಿ ಮಾರುವುದನ್ನು ತಡೆಯುತ್ತದೆ. ಮಾರಾಟದ ಪುಸ್ತಕದೊಳಗೆ ಅಳವಡಿಸುವುದಕ್ಕೆ ಒಪ್ಪಿಗೆ ಕೊಡುತ್ತದೆ. ಸಣ್ಣ ಬಂಡವಾಳದ ಕನ್ನಡ ಪ್ರಕಾಶಕರಿಗೆ ಇದಕ್ಕಿಂತ ದೊಡ್ಡ ಉಪಕಾರ ಮತ್ತೊಂದಿಲ್ಲ.

ಪುಸ್ತಕದಿಂದ ಫಾಂಟನ್ನು ಸುಲಭವಾಗಿ ಎತ್ತಿಕೊಳ್ಳದಂತೆ ಮಾಡಲು ಮರೆಮಾಚಿಕೆ ಎಂಬ ಉಪಾಯವಿದೆ. ಇಪಬ್‌ನ ಪದ್ಧತಿಯಲ್ಲಿ ಪುಸ್ತಕದ ಗುರುತು ಸಂಖ್ಯೆಯಿಂದ 20 ಬೈಟಿನ ಒಂದು ಕೀಲಿ ತಯಾರಿಸಿ, ಫಾಂಟ್ ಕಡತದ ಮೊದಲ 1,040 ಬೈಟುಗಳನ್ನು ಕಲಸಿ ಇಡುತ್ತಾರೆ. ಅಡೋಬಿಯ ಹಳೆಯ ಪದ್ಧತಿಯಲ್ಲಿ ಇದು 1,024 ಬೈಟು. ಬೀಗ ಎನ್ನುವಷ್ಟು ಗಟ್ಟಿಯಲ್ಲ, ಬಾಗಿಲು ಮುಂದೆ ಮಾಡಿಟ್ಟಂತೆ. ಇದರಿಂದ ಒಂದು ಅನಿರೀಕ್ಷಿತ ತೊಂದರೆಯಿದೆ: ಪುಸ್ತಕ ಸಿದ್ಧವಾದ ಮೇಲೆ ಯಾರಾದರೂ ಐಎಸ್‌ಬಿಎನ್ ಬಂತೆಂದು ಗುರುತು ಸಂಖ್ಯೆಯನ್ನು ಕೈಯಿಂದ ತಿದ್ದಿದರೆ ಕೀಲಿ ಬದಲಾಗಿ ಫಾಂಟ್ ತೆರೆದುಕೊಳ್ಳುವುದೇ ಇಲ್ಲ. ಯಾವ ದೋಷಸಂದೇಶವೂ ಬರುವುದಿಲ್ಲ; ಸಾಧನದ ಫಾಂಟಿನಲ್ಲಿ ಪುಸ್ತಕ ತೆರೆಯುತ್ತದೆ, ಅಷ್ಟೇ. ಮುಕ್ತ ಫಾಂಟುಗಳಿಗೆ ಈ ಉಪಾಯದ ಅಗತ್ಯವಿಲ್ಲ.

ಸಾಲು, ಒತ್ತು, ವಾಲು

ಇಂಗ್ಲಿಷ್ ಪುಸ್ತಕದ ಸಿಎಸ್‌ಎಸ್ ಅನ್ನು ಹಾಗೆಯೇ ತಂದು ಕನ್ನಡಕ್ಕೆ ಹಚ್ಚಿದಾಗ ಮೊದಲು ಕೆಡುವುದು ಸಾಲಿನ ಅಂತರ. ‘ರಾಷ್ಟ್ರ’, ‘ಶಾಸ್ತ್ರ’, ‘ಸ್ವಾತಂತ್ರ್ಯ’ಗಳ ಎರಡೆರಡು ಒತ್ತುಗಳು ಕೆಳಗಿನ ಸಾಲಿನ ಗುಡಿಸು, ಏತ್ವಗಳಿಗೆ ತಾಗುತ್ತವೆ. ರೋಮನ್‌ಗೆ ಅಕ್ಷರದ ಗಾತ್ರದ 1.3 ಪಟ್ಟು ಸಾಕಾದರೆ ಕನ್ನಡಕ್ಕೆ 1.5ರಿಂದ 1.7 ಪಟ್ಟು ಬೇಕು. ಈ ಅಳತೆಯನ್ನು ಪಿಕ್ಸೆಲ್‌ನಲ್ಲಿ ಬಿಗಿಯದೆ ಬರೀ ಸಂಖ್ಯೆಯಾಗಿ ಕೊಡಬೇಕು. ಇಲ್ಲವಾದರೆ ಓದುಗರು ಅಕ್ಷರ ದೊಡ್ಡದು ಮಾಡಿದಾಗ ಸಾಲುಗಳು ಒಂದರ ಮೇಲೊಂದು ಹತ್ತುತ್ತವೆ.

ವಾಲಿದ ಅಕ್ಷರ ಕನ್ನಡದ ಸಂಪ್ರದಾಯವಲ್ಲ. ಇಂಗ್ಲಿಷಿನಲ್ಲಿ ಇಟಾಲಿಕ್ ಎಂಬುದು ಬೇರೆಯೇ ಆದ ಒಂದು ಅಕ್ಷರರೂಪ. ಕನ್ನಡ ಫಾಂಟುಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಆ್ಯಪ್ ಸಾದಾ ಅಕ್ಷರವನ್ನೇ ಹಿಡಿದು ಓರೆ ಮಾಡಿದಾಗ ದುಂಡಗಿನ ‘ಠ’, ‘ರ’ಗಳು ಬೀಳುವಂತೆ ಕಾಣುತ್ತವೆ. ಕೃತಿಗಳ ಹೆಸರಿಗೆ ಉದ್ಧರಣ ಚಿಹ್ನೆ, ಒತ್ತು ಕೊಡಬೇಕಾದ ಮಾತಿಗೆ ದಪ್ಪಕ್ಷರ ಎಂಬ ಅಚ್ಚುಮನೆಯ ಹಳೆಯ ಕ್ರಮವೇ ಇಲ್ಲಿಗೂ ಸರಿ. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವುದನ್ನೂ ಬಿಡಬೇಕು, ಕೆಲವು ಆ್ಯಪ್‌ಗಳಲ್ಲಿ ದೀರ್ಘಗಳು ತಮ್ಮ ವ್ಯಂಜನದಿಂದ ದೂರ ಸರಿಯುತ್ತವೆ. ಅಧ್ಯಾಯದ ಮೊದಲ ಅಕ್ಷರವನ್ನು ದೊಡ್ಡದಾಗಿ ಇಳಿಬಿಡುವ ವಿನ್ಯಾಸ ಬೇಕೆಂದರೆ ‘ಸ್ವಾ’, ‘ಕ್ರೌ’ನಂಥ ಇಡೀ ಅಕ್ಷರವನ್ನು ಒಂದು ಗುಂಪಾಗಿ ಗುರುತಿಸಿ ಕೊಡಬೇಕು, ಆ್ಯಪ್‌ನ ಪಾಲಿಗೆ ಬಿಟ್ಟರೆ ಸಕಾರ ದೊಡ್ಡದಾಗಿ ಒತ್ತು ಸಣ್ಣದಾಗಿ ಉಳಿಯಬಹುದು.

ಕನ್ನಡದ ಪದಗಳು ವಿಭಕ್ತಿ, ಪ್ರತ್ಯಯಗಳನ್ನೆಲ್ಲ ಹೊತ್ತು ಉದ್ದವಾಗುತ್ತವೆ. ‘ಬರೆದುಕೊಳ್ಳುತ್ತಿದ್ದವರಿಗೆಲ್ಲ’ ಎಂಬ ಪದ ಫೋನಿನ ಅರ್ಧ ಸಾಲು ನುಂಗುತ್ತದೆ. ಎರಡೂ ಬದಿ ಸಮವಾಗಿರಲಿ ಎಂದು ಹಟ ಹಿಡಿದರೆ ಉಳಿದ ಪದಗಳ ನಡುವೆ ಹಳ್ಳ ಬೀಳುತ್ತದೆ. ಪುಸ್ತಕದ ಭಾಷೆ ಕನ್ನಡವೆಂದು ಕಡತದಲ್ಲಿ ನಮೂದಿಸಿದರೆ ಕೆಲವು ಆ್ಯಪ್‌ಗಳು ಪದವನ್ನು ಅಕ್ಷರದ ಗಡಿಯಲ್ಲಿ ಮುರಿಯಬಲ್ಲವು. ಸಂತೋಷ್ ತೊಟ್ಟಿಂಗಲ್ ಅವರು ಭಾರತೀಯ ಭಾಷೆಗಳಿಗಾಗಿ ರಚಿಸಿದ ಮುರಿತದ ನಿಯಮಗಳಲ್ಲಿ ಕನ್ನಡವೂ ಇದೆ. ಆ ಸೌಲಭ್ಯ ಇಲ್ಲದ ಕಡೆ ಎಡಕ್ಕೆ ಮಾತ್ರ ಸಾಲು ಹಿಡಿದು ಬಲಬದಿಯನ್ನು ಸಡಿಲ ಬಿಡುವುದೇ ಕಣ್ಣಿಗೆ ಹಿತ.

ಓದುಗರ ಹಕ್ಕು, ಕೊನೆಯ ಪರೀಕ್ಷೆ

ಅಳವಡಿಸಿದ ಫಾಂಟ್ ತಾನಾಗಿ ಕಾಣುತ್ತದೆಂಬ ಖಾತ್ರಿಯಿಲ್ಲ. ಹಲವು ಆ್ಯಪ್‌ಗಳಲ್ಲಿ ‘ಪ್ರಕಾಶಕರ ಫಾಂಟ್’ ಅಥವಾ ‘ಮೂಲ’ ಎಂಬ ಆಯ್ಕೆಯನ್ನು ಓದುಗರೇ ಆರಿಸಬೇಕು. ಆ್ಯಪಲ್‌ನ ಪುಸ್ತಕ ಆ್ಯಪ್‌ಗೆ, ಇದರಲ್ಲಿ ಅಳವಡಿಸಿದ ಫಾಂಟ್ ಇದೆ ಎಂದು ಪುಸ್ತಕದ ಕಡತದಲ್ಲೇ ಬೇರೆಯಾಗಿ ಹೇಳುವ ಪದ್ಧತಿಯಿದೆ. ಓದುಗರು ಫಾಂಟ್ ಬದಲಿಸಿದರೆ ಅದು ಅವರ ಹಕ್ಕು. ಕಣ್ಣು ಮಂಜಾದ ಹಿರಿಯರೊಬ್ಬರು ದಪ್ಪ ಫಾಂಟಿಗೆ, ದೊಡ್ಡ ಗಾತ್ರಕ್ಕೆ ಹೊರಳಿದಾಗಲೂ ಪುಸ್ತಕ ಮುರಿಯದೆ ನಿಲ್ಲಬೇಕು. ಯೂನಿಕೋಡ್ ಶುದ್ಧವಾಗಿದ್ದರೆ ನಿಲ್ಲುತ್ತದೆ.

ಮಾರಾಟಕ್ಕೆ ಬಿಡುವ ಮುನ್ನ ಅನುಭವವಿರುವ ತಯಾರಕರು ಒಂದು ಪರೀಕ್ಷಾ ಪುಟ ಮಾಡಿಟ್ಟುಕೊಳ್ಳುತ್ತಾರೆ. ಅದರಲ್ಲಿ ಸ್ತ್ರೀ, ರಾಷ್ಟ್ರ, ಸ್ವಾತಂತ್ರ್ಯ, ಲಕ್ಷ್ಮೀ, ಜ್ಞಾನ, ಸೂರ್ಯ, ಅರ್ಹ, ರ‍್ಯಾಂಕ್, ಸಾಫ್ಟ್‌ವೇರ್, ಹೃದಯ, ಕೃಷ್ಣ, ದನ, ಧನ, ಕೋಱೆ, ಬಾೞೆ, ₹ 250, 1984 ಎಂಬ ಪದಗಳೂ ಅಂಕಿಗಳೂ ಸಾದಾ ಮತ್ತು ದಪ್ಪ ಎರಡೂ ತೂಕದಲ್ಲಿ ಇರುತ್ತವೆ. ಒಂದು ಹೊಸ ಆಂಡ್ರಾಯ್ಡ್ ಫೋನು, ಒಂದು ಹಳೆಯದು, ಒಂದು ಐಫೋನು, ಒಂದು ಇ-ಇಂಕ್ ಸಾಧನ, ಹೀಗೆ ನಾಲ್ಕರಲ್ಲಿ ತೆರೆದು, ಅಕ್ಷರದ ಗಾತ್ರವನ್ನು ಅತಿ ಸಣ್ಣದರಿಂದ ಅತಿ ದೊಡ್ಡದಕ್ಕೆ ಓಡಿಸಿ, ರಾತ್ರಿಯ ಕಪ್ಪು ಹಿನ್ನೆಲೆಯಲ್ಲೂ ಒಮ್ಮೆ ನೋಡುತ್ತಾರೆ. ಆಮೇಲೆ ಪ್ರಕಾಶಕರ ಫಾಂಟನ್ನು ತೆಗೆದು ಸಾಧನದ ಫಾಂಟಿನಲ್ಲಿ ಅದೇ ಪುಟವನ್ನು ಮತ್ತೆ ಮೊದಲಿನಿಂದ ಓದುತ್ತಾರೆ. ಎರಡು ಓದಿನಲ್ಲೂ ‘ಬಾೞೆ’ಯ ಜಾಗದಲ್ಲಿ ಪೆಟ್ಟಿಗೆ ಬಾರದಿದ್ದರೆ ಕಡತ ಅಂಗಡಿಗೆ ಹೋಗುತ್ತದೆ.